ಮಳೆಗಾಲದ ಸಂಜೆಗೆ ನಾರ್ನಿಯಾ: ಓದಿ ಹೇಳುವ ಬಗೆ

ತೀರ್ಥಹಳ್ಳಿ, ಆಗುಂಬೆ ಕಡೆ ಜಡಿಮಳೆಗೆ ಕರೆಂಟ್ ಹೋದ ಸಂಜೆ ಮಕ್ಕಳಿಗೆ ಸಿ.ಎಸ್. ಲೂಯಿಸ್ ಬರೆದ ಮಾಯಾಲೋಕದ ಕಥಾಸರಣಿ ನಾರ್ನಿಯಾ ಓದಿ ಹೇಳಲು ಹೇಳಿ ಮಾಡಿಸಿದ ಹೊತ್ತು. ಏಳು ಪುಸ್ತಕಗಳಲ್ಲಿ 1950ರ ‘ದಿ ಲಯನ್, ದಿ ವಿಚ್ ಅಂಡ್ ದಿ ವಾರ್ಡ್‌ರೋಬ್’ನಿಂದಲೇ ಶುರುಮಾಡಿ. ಕಥೆಯ ಕಾಲದಲ್ಲಿ ಮೊದಲು ಬರುವ ‘ದಿ ಮೆಜಿಶಿಯನ್ಸ್ ನೆಫ್ಯೂ’ 1955ರದ್ದು; ಅದನ್ನು ಮುಂಚೆ ಓದಿದರೆ ಕಾಡಿನ ದೀಪದ ಕಂಬದ ಗುಟ್ಟು ಒಡೆದು ಆ ಕಾಡಿಗೆ ಕಾಲಿಡುವ ಹುಡುಗಿ ಲೂಸಿಯ ಬೆರಗು ಸಪ್ಪೆಯಾಗುತ್ತದೆ.

‘ದಿ ಲಯನ್...’ನಲ್ಲಿ ಒಟ್ಟು 17 ಅಧ್ಯಾಯ, ದಿನಕ್ಕೊಂದು ಸಾಕು. ತೊಡಕಾಗುವುದು ಲೂಸಿ ನಾರ್ನಿಯಾಕ್ಕೆ ದಾಟಿಹೋಗುವ ಬೀರು, ಅಂದರೆ ಹೆಸರಿನಲ್ಲಿರುವ ವಾರ್ಡ್‌ರೋಬ್. ಮಕ್ಕಳು ಖಾನೆಗಳಿರುವ ಕಬ್ಬಿಣದ ಬೀರು ಊಹಿಸಿಕೊಂಡು, ಒಳಗೆ ನಡೆಯುವುದು ಹೇಗೆಂದು ತಡೆಯುತ್ತಾರೆ. ಆಳೆತ್ತರದ ಮರದ ಕಪಾಟು, ಸಾಲಾಗಿ ತೂಗುಹಾಕಿದ ತುಪ್ಪಳದ ಕೋಟುಗಳು ಎಂದು ಮೊದಲೇ ಬಿಡಿಸಿ ಹೇಳಿ.

5ನೇ ಅಧ್ಯಾಯದಲ್ಲಿ ಲೂಸಿಯ ಅಣ್ಣ ಎಡ್ಮಂಡ್ ತಂಗಿಯನ್ನೇ ಸುಳ್ಳುಗಾತಿ ಮಾಡುತ್ತಾನೆ. ಅಲ್ಲಿ ನೀವು ಬೈಯಬೇಡಿ. ಕೇಳುತ್ತಿರುವ ಅಣ್ಣ-ತಂಗಿಯರೇ ಜಗಳವಾಡಿ ತೀರ್ಮಾನಿಸಲಿ.