ಸರಾಸರಿ ತೆಗೆಯುವ ಮೊದಲು ಅಟ್ಲಾಸ್ ತೆರೆದು ನೋಡಿ

"ಯಾವ ಅಟ್ಲಾಸ್ ಒಳ್ಳೇದು?" ಅಂತ ಜೂನಿಯರ್‌ಗಳು ಕೇಳುತ್ತಲೇ ಇರುತ್ತಾರೆ. ಅಟ್ಲಾಸ್ ಅಂದರೆ ಮೆದುಳಿನ ಸ್ಕ್ಯಾನ್‌ನಲ್ಲಿ ಯಾವ ಜಾಗ ಯಾವ ಭಾಗ ಅಂತ ಗುರುತು ಹಾಕಿದ ನಕ್ಷೆ, ಅದನ್ನಿಟ್ಟುಕೊಂಡೇ ಪ್ರತಿ ಭಾಗದ ಸಿಗ್ನಲ್‌ನ ಸರಾಸರಿ ತೆಗೆಯುತ್ತೇವೆ. ನಿಮಗೆ ಏನು ಗೊತ್ತಾಗಬೇಕು ಅಂತ ನಾನು ತಿರುಗಿ ಕೇಳುತ್ತೇನೆ. ಹಿಪೊಕ್ಯಾಂಪಸ್ (ನೆನಪಿಗೆ ಸಂಬಂಧಿಸಿದ ಭಾಗ) ಗಾತ್ರ ಬೇಕಿದ್ದರೆ ಪ್ರತಿಯೊಬ್ಬರ ಟಿ1 ಸ್ಕ್ಯಾನ್ (ಮೆದುಳಿನ ರಚನೆ ತೋರಿಸುವ ಎಂಆರ್‌ಐ) ಮೇಲೂ ಫ್ರೀಸರ್ಫರ್ ಓಡಿಸಿ, ಅದು ಆಯಾ ಮೆದುಳಿನಲ್ಲೇ ಭಾಗಗಳನ್ನು ಗುರುತಿಸುವ ಸಾಫ್ಟ್‌ವೇರ್. ರೆಸ್ಟಿಂಗ್ ಸ್ಟೇಟ್ ಕನೆಕ್ಟಿವಿಟಿ (ಸುಮ್ಮನಿದ್ದಾಗ ಯಾವ ಭಾಗಗಳ ಸಿಗ್ನಲ್ ಒಟ್ಟಿಗೆ ಏರಿಳಿಯುತ್ತದೆ ಅನ್ನುವುದು) ನೋಡುವವರಿಗೆ ಶೇಫರ್ ಅಟ್ಲಾಸ್ ಚೆನ್ನಾಗಿದೆ, 100ರಿಂದ 1000 ಪಾರ್ಸೆಲ್ (ತುಂಡು) ತನಕ ಸಿಗುತ್ತದೆ. ಆದರೆ ಅದರಲ್ಲಿರುವುದು ಕಾರ್ಟೆಕ್ಸ್ (ಮೆದುಳಿನ ಹೊರಪದರ) ಮಾತ್ರ, ಒಳಗಿರುವ ಥಲಾಮಸ್ ಹುಡುಕಬೇಡಿ. ಎಲ್ಲರೂ ಬಳಸುತ್ತಾರೆ ಅಂತ ಎಎಎಲ್ ಅನ್ನು ಸುಮ್ನೆ ಎತ್ತಿಕೊಳ್ಳಬೇಡಿ. 2002ರ ಆ ಅಟ್ಲಾಸ್‌ನ ಗೆರೆಗಳನ್ನು ಎಳೆದದ್ದು ಒಬ್ಬನೇ ವ್ಯಕ್ತಿಯ ಮೆದುಳಿನ ಮೇಲೆ.

ಆಯ್ಕೆ ಯಾವುದೇ ಇರಲಿ, ರಿಸಲ್ಟ್ ನೋಡುವ ಮೊದಲೇ ಬರೆದಿಡಿ. ಮೂರು ಅಟ್ಲಾಸ್ ಹಾಕಿ ನೋಡಿ, ಪಿ ವ್ಯಾಲ್ಯೂ ಚೆನ್ನಾಗಿ ಬಂದದ್ದನ್ನು ಇಟ್ಟುಕೊಳ್ಳುವುದು ಮೋಸವೇ ಅಲ್ವಾ?

ಅಟ್ಲಾಸ್, ನಿಮ್ಮ ಸ್ಕ್ಯಾನ್ ಎರಡೂ ಎಂಎನ್‌ಐ ಸ್ಪೇಸ್‌ನಲ್ಲಿವೆ (ಎಲ್ಲರ ಮೆದುಳನ್ನೂ ಹೊಂದಿಸುವ ಸಾಮಾನ್ಯ ಚೌಕಟ್ಟು) ಅಂದ ಮಾತ್ರಕ್ಕೆ ಸರಿಯಾಗಿ ಕೂರುತ್ತವೆ ಅಂತ ನಂಬಬೇಡಿ. ಎಫ್‌ಎಸ್‌ಎಲ್ ಸಾಫ್ಟ್‌ವೇರ್ ಜೊತೆ ಬರುವ ಟೆಂಪ್ಲೇಟ್ (ಮಾದರಿ ಮೆದುಳು) ಬೇರೆ, ಸ್ಕ್ಯಾನ್‌ಗಳನ್ನು ಸಿದ್ಧಪಡಿಸುವ ಎಫ್‌ಎಂಆರ್‌ಐಪ್ರೆಪ್ ಡೀಫಾಲ್ಟಾಗಿ ಬಳಸುವ 2009ಸಿ ಟೆಂಪ್ಲೇಟ್ ಬೇರೆ. ವ್ಯತ್ಯಾಸ ಸಣ್ಣದು. ಆದರೆ ಅಮಿಗ್ಡಲಾದಂಥ ಭಾಗ ಕೂಡ ಸಣ್ಣದೇ.

ಈಗ ಜಾಸ್ತಿ ಜನ ಎಡವುವ ಜಾಗ: ರೀಸ್ಯಾಂಪ್ಲಿಂಗ್, ಅಂದರೆ ಅಟ್ಲಾಸನ್ನು ನಿಮ್ಮ ಸ್ಕ್ಯಾನ್‌ನ ವಾಕ್ಸೆಲ್‌ಗಳಿಗೆ (3ಡಿ ಚುಕ್ಕೆಗಳಿಗೆ) ಹೊಂದಿಸಿ ಮತ್ತೆ ಬರೆಯುವುದು. ಅಟ್ಲಾಸ್ ಫೈಲ್‌ನಲ್ಲಿರುವ ಅಂಕಿಗಳು ಅಳತೆಗಳಲ್ಲ, ಮನೆ ನಂಬರ್ ಇದ್ದ ಹಾಗೆ. ಫ್ರೀಸರ್ಫರ್‌ನಲ್ಲಿ ಎಡ ಕಾರ್ಟೆಕ್ಸ್ 3, ಎಡ ಹಿಪೊಕ್ಯಾಂಪಸ್ 17. ಹೊಸ ವಾಕ್ಸೆಲ್ ಒಂದು ಇವೆರಡರ ಮಧ್ಯೆ ಬಿತ್ತು ಅಂದುಕೊಳ್ಳಿ. ಲೀನಿಯರ್ ಇಂಟರ್‌ಪೊಲೇಶನ್ ಸರಾಸರಿ ಮಾಡಿ 10 ಕೊಡುತ್ತದೆ. 10 ಅಂದರೆ ಎಡ ಥಲಾಮಸ್! ಎರರ್ ಬರುವುದಿಲ್ಲ, ಟೇಬಲ್ ನೀಟಾಗಿಯೇ ಬರುತ್ತದೆ. ಹಾಗಾಗಿ ಇಂಥ ಲೇಬಲ್ ಅಂಕಿಗಳಿಗೆ ನಿಯರೆಸ್ಟ್ ನೇಬರ್ ಕೊಡಿ, ಅದು ಹತ್ತಿರದ ವಾಕ್ಸೆಲ್‌ನ ಅಂಕಿಯನ್ನೇ ಎತ್ತಿಕೊಳ್ಳುತ್ತದೆ. ಪೈಥಾನ್‌ನ ನೈಲರ್ನ್ ಲೈಬ್ರರಿಯಲ್ಲಾದರೆ 'ನಿಯರೆಸ್ಟ್'. ರೀಸ್ಯಾಂಪಲ್ ಆದ ಮೇಲೆ ಫೈಲ್‌ನಲ್ಲಿ ಯಾವ ಯಾವ ಅಂಕಿ ಇವೆ ಅಂತ ಪಟ್ಟಿ ಮಾಡಿಸಿ. ಮೊದಲು ಇಲ್ಲದ ಅಂಕಿ ಕಂಡರೆ ಅಲ್ಲೇ ನಿಲ್ಲಿಸಿ. ಇದ್ದ ಅಂಕಿ ಮಾಯವಾಗಿದ್ದರೂ ಅಷ್ಟೇ, ಸಣ್ಣ ಭಾಗಗಳು ದಪ್ಪ ವಾಕ್ಸೆಲ್‌ಗಳಲ್ಲಿ ಕಳೆದುಹೋಗುತ್ತವೆ.

ಇಷ್ಟಾದ ಮೇಲೂ ಪ್ರತಿ ಸಬ್ಜೆಕ್ಟ್‌ನ ಫಂಕ್ಷನಲ್ ಇಮೇಜ್ (ಮೆದುಳಿನ ಚಟುವಟಿಕೆಯ ಸ್ಕ್ಯಾನ್) ಮೇಲೆ ಅಟ್ಲಾಸ್ ಹಾಕಿ ಕಣ್ಣಾರೆ ನೋಡಿ. ಬೇಜಾರಿನ ಕೆಲಸ ನಿಜ. ಎಡ-ಬಲ ಅದಲುಬದಲಾಗಿದೆಯಾ, ಆರ್ಬಿಟೊಫ್ರಂಟಲ್ (ಕಣ್ಣುಗಳ ಮೇಲಿನ ಭಾಗ) ಹತ್ತಿರ ಸಿಗ್ನಲ್ ಇದೆಯಾ ಅಂತ ಗಮನಿಸಿ. ಸೈನಸ್ ಗಾಳಿಯ ದೆಸೆಯಿಂದ ಅಲ್ಲಿ ಇಮೇಜ್ ಕಪ್ಪಾಗುವುದು ಮಾಮೂಲು. ಅಂಥ ಕಡೆ ಸರಾಸರಿ ತೆಗೆದರೆ ಬರೀ ನಾಯ್ಸ್.

ಪೇಪರ್‌ನಲ್ಲಿ "ಹಾರ್ವರ್ಡ್-ಆಕ್ಸ್‌ಫರ್ಡ್ ಬಳಸಿದೆವು" ಅಂತ ಬರೆದು ಕೈತೊಳೆದುಕೊಳ್ಳಬೇಡಿ. ಅದು ಪ್ರಾಬಬಿಲಿಟಿ ಅಟ್ಲಾಸ್, ಒಂದು ವಾಕ್ಸೆಲ್ ಒಂದು ಭಾಗಕ್ಕೆ ಸೇರುವ ಸಾಧ್ಯತೆ ಎಷ್ಟು ಪರ್ಸೆಂಟ್ ಅಂತ ಹೇಳುತ್ತದೆ. ಥ್ರೆಶೋಲ್ಡ್ 25 ಪರ್ಸೆಂಟಾ, 50ಆ ಅನ್ನುವುದನ್ನೂ ವರ್ಷನ್, ಟೆಂಪ್ಲೇಟ್ ಜೊತೆ ಬರೆಯಿರಿ.