ನೋಡೋಕೆ ಏನಿದೆ ಧಾರವಾಡದಲ್ಲಿ?

ಕಳೆದ ಶ್ರಾವಣದಲ್ಲಿ ನಾವಿಬ್ಬರೇ ಎರಡು ದಿನ ಧಾರವಾಡಕ್ಕೆ ಹೋಗಿಬರ್ತೀವಿ ಅಂದಾಗ ಎಲ್ಲರೂ ಕೇಳಿದ್ದು ಒಂದೇ ಮಾತು. "ಅಲ್ಲಿ ನೋಡೋಕೆ ಏನಿದೆ?" ಅಮ್ಮ ಕೇಳಿದರು, ಆಫೀಸಿನವರು ಕೇಳಿದರು. ಕೊನೆಗೆ ಸ್ಟೇಷನ್ ಹೊರಗೆ ಆಟೋ ಹತ್ತಿದಾಗ ಧಾರವಾಡದ ಆಟೋದವರೂ ಕೇಳಿದರು. "ಇಲ್ಲೇನ್ ನೋಡಾಕ್ ಬಂದೀರ್ರೀ?"

ನನಗೆ ಆಗ ಥಟ್ಟನೆ ಉತ್ತರ ಹೊಳೆಯಲಿಲ್ಲ. ಆದರೆ ಈ ಪ್ರವಾಸಕ್ಕೆ ನಾವು ಮಾಡಿಕೊಂಡ ತಯಾರಿ ಚೆನ್ನಾಗಿತ್ತು. ಅದನ್ನೇ ಇಲ್ಲಿ ಹೇಳಬೇಕು ಅಂದುಕೊಂಡಿದ್ದೇನೆ.

ನಾಲ್ಕು ವರ್ಷದ ಹಿಂದೆ ಮಕ್ಕಳನ್ನು ಅಮ್ಮನ ಹತ್ತಿರ ಬಿಟ್ಟು ಮೊದಲ ಸಲ ಇಬ್ಬರೇ ಹೊರಟಿದ್ದೆವು, ಮೈಸೂರಿಗೆ. ಎರಡು ದಿನಕ್ಕೆ 11 ಜಾಗದ ಪಟ್ಟಿ ಇತ್ತು. ಅರಮನೆ, ಮೃಗಾಲಯ, ಬೆಟ್ಟ, ಚರ್ಚು, ಕೆಆರ್‌ಎಸ್, ಒಂದೂ ಬಿಡಲಿಲ್ಲ. ಕಾರು ನಿಲ್ಲಿಸೋಕೆ ಜಾಗ ಹುಡುಕುವುದು, ಟಿಕೆಟ್ ಸಾಲು, ಮುಂದಿನ ಜಾಗಕ್ಕೆ ಹೊತ್ತಾಯಿತು ಅನ್ನುವ ಅವಸರ. ಎರಡನೇ ದಿನ ಸಂಜೆ ಬೃಂದಾವನದಲ್ಲಿ ದೀಪ ಹೊತ್ತಿಕೊಳ್ಳುವ ಹೊತ್ತಿಗೆ ನಾವು ಒಬ್ಬರಿಗೊಬ್ಬರು ಮಾತಾಡುವುದನ್ನೇ ನಿಲ್ಲಿಸಿದ್ದೆವು. ಜಗಳವೇನೂ ಆಗಿರಲಿಲ್ಲ. ಬರೀ ಸುಸ್ತು. ಮನೆಗೆ ಬಂದ ಮೇಲೆ ನನಗೆ ಬೇಜಾರಾಗಿದ್ದು ಯಾವುದಕ್ಕೆ ಅಂದರೆ, ಎರಡು ದಿನ ಪಕ್ಕದಲ್ಲೇ ಇದ್ದರೂ ಇವರ ಜೊತೆ ಇದ್ದ ಹಾಗೇ ಆಗಿರಲಿಲ್ಲ.

ಹಾಗಾಗಿ ಈ ಸಲ ಪಟ್ಟಿ ಬೇಡ ಅಂದೆ. ಬದಲಿಗೆ ಒಬ್ಬೊಬ್ಬರು ಒಂದೊಂದು ಆಸೆ ಹೇಳಬೇಕು. ಒಂದೇ, ಎರಡಲ್ಲ. ಆ ಎರಡು ಆಸೆಯೂ ತೀರುವ ಊರು ಯಾವುದೋ ಅಲ್ಲಿಗೆ ಹೋಗೋದು.

ನನ್ನ ಆಸೆ ಕಸೂತಿ. ನಮ್ಮಜ್ಜಿ ಹಾವೇರಿ ಕಡೆಯವರು. ಅವರ ಒಂದು ಹಳೇ ಇಳಕಲ್ ಸೀರೆ ನನ್ನ ಹತ್ತಿರ ಇದೆ. ಸೆರಗಿನ ಹತ್ತಿರ ಆನೆ, ಗೋಪುರ, ತುಳಸಿಕಟ್ಟೆ. ಅದನ್ನು ಹೇಗೆ ಹೊಲಿಯುತ್ತಾರೆ ಅಂತ ಕಣ್ಣಾರೆ ನೋಡಬೇಕು ಅನ್ನೋದು ಬಹಳ ದಿನದ ಆಸೆ. ಇವರದ್ದು ಹಿಂದೂಸ್ತಾನಿ ಗಾಯಕ ಮಲ್ಲಿಕಾರ್ಜುನ ಮನಸೂರರ ಮನೆ. ಕಾಲೇಜಿನಲ್ಲಿದ್ದಾಗಿನಿಂದ ಇವರು ಮನಸೂರರನ್ನು ಕೇಳುತ್ತಾ ಬಂದವರು. ನನಗೆ ಅದು ಗೊತ್ತಿತ್ತು, ಆದರೆ ಯಾಕೆ ಅಂತ ಯಾವತ್ತೂ ಕೇಳಿರಲಿಲ್ಲ. ಎರಡೂ ಸೇರಿದಾಗ ಊರು ತಾನಾಗೇ ಧಾರವಾಡ ಅಂತಾಯಿತು.

ಆಮೇಲೆ ಮಾಡಿದ ಕೆಲಸ ನನಗೆ ಎಲ್ಲಕ್ಕಿಂತ ಇಷ್ಟವಾಯಿತು. ಹೋಗುವ ಮುಂಚೆ ಎರಡು ವಾರ, ಮಕ್ಕಳು ಮಲಗಿದ ಮೇಲೆ, ಅಡುಗೆಮನೆ ಒರೆಸುತ್ತಾ ಪಾತ್ರೆ ಜೋಡಿಸುತ್ತಾ ಮನಸೂರರ ರೆಕಾರ್ಡಿಂಗ್ ಕೇಳಿದೆವು. ಇವರು ನಡುನಡುವೆ ಹೇಳುತ್ತಿದ್ದರು. ಧಾರವಾಡದ ಪಕ್ಕದ ಮನಸೂರು ಅನ್ನುವ ಹಳ್ಳಿಯವರು, ಹುಟ್ಟಿದ್ದು 1910ರಲ್ಲಿ. ಜೈಪುರ ಅತ್ರೌಲಿ ಘರಾಣೆಯ, ಅಂದರೆ ಆ ಗಾಯನ ಪರಂಪರೆಯ, ಅಲ್ಲಾದಿಯಾ ಖಾನರ ಮಕ್ಕಳಾದ ಮಂಜಿ ಖಾನ್, ಭೂರ್ಜಿ ಖಾನ್ ಹತ್ತಿರ ಕಲಿತವರು. ಬೇರೆಯವರು ಹಾಡದ ಅಪರೂಪದ ರಾಗಗಳನ್ನು ಹುಡುಕಿ ಹಾಡುತ್ತಿದ್ದರಂತೆ. ನನಗೆ ರಾಗದ ಹೆಸರು ಗೊತ್ತಾಗಲ್ಲ. ಆದರೆ ಎರಡನೇ ವಾರದ ಹೊತ್ತಿಗೆ ಆ ಧ್ವನಿ ನನಗೂ ಪರಿಚಯದ್ದಾಗಿತ್ತು. ಹೋಗುವ ಊರಿನದ್ದು ಏನಾದರೂ ಒಂದನ್ನು ಮೊದಲೇ ಮನೆಗೆ ತಂದುಕೊಂಡರೆ ಪ್ರವಾಸ ಅಲ್ಲಿಂದಲೇ ಶುರುವಾಗುತ್ತೆ. ಇದಕ್ಕೆ ಖರ್ಚೂ ಇಲ್ಲ.

ಉಳಿದ ತಯಾರಿ ಎಲ್ಲ ಫೋನಿನ ಕೆಲಸ. ಶುಕ್ರವಾರ ರಾತ್ರಿ ಬೆಂಗಳೂರಿನಿಂದ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್, ಭಾನುವಾರ ರಾತ್ರಿ ಅದರಲ್ಲೇ ವಾಪಸ್. ಲಾಡ್ಜಿನಲ್ಲಿ ಒಂದೇ ರಾತ್ರಿ. ರಜೆ ಹಾಕುವ ಅಗತ್ಯವೇ ಬರಲಿಲ್ಲ. ಟಿಕೆಟ್, ರೂಮು, ಊಟ, ಆಟೋ ಎಲ್ಲಾ ಸೇರಿ ನಮಗೆ 8,000 ರೂಪಾಯಿಯೊಳಗೆ ಮುಗಿಯಿತು. ಪೇಡೆ, ಪುಸ್ತಕ ಬೇರೆ.

ಒಂದು ಕಡೆ ಎಡವಿದೆವು. ರೂಮನ್ನು ಆನ್‌ಲೈನಲ್ಲಿ ಬುಕ್ ಮಾಡಿದ್ದೆವು. ಬೆಳಗ್ಗೆ ಹೋಗಿ ನಿಂತರೆ "12 ಗಂಟೆಗೆ ರೂಮು" ಅಂದರು. ಮಳೆಯಲ್ಲಿ ನೆನೆದ ಬಟ್ಟೆ, ಸ್ನಾನ ಇಲ್ಲ. ರಾತ್ರಿ ರೈಲಿನಲ್ಲಿ ಹೋಗುವವರು ಲಾಡ್ಜಿಗೆ ಮೊದಲೇ ಫೋನ್ ಮಾಡಿ "ಬೆಳಗ್ಗೆ ಏಳಕ್ಕೇ ರೂಮು ಕೊಡ್ತೀರಾ?" ಅಂತ ಕೇಳಿಕೊಳ್ಳಿ. ಬಂದಾಗಿನಿಂದ 24 ಗಂಟೆ ಲೆಕ್ಕ ಹಿಡಿಯುವ ಲಾಡ್ಜುಗಳೂ ಇರುತ್ತವೆ. ನಾವು ಅವತ್ತು ಸ್ವಲ್ಪ ದುಡ್ಡು ಜಾಸ್ತಿ ಕೊಟ್ಟು ಒಳಗೆ ಹೋದೆವು.

ದಿನಕ್ಕೆ ಎರಡೇ ಕೆಲಸ ಅಂತ ಇಟ್ಟುಕೊಂಡಿದ್ದೆವು. ಬೆಳಗ್ಗೆ ಒಂದು, ಸಂಜೆ ಒಂದು. ಮಧ್ಯಾಹ್ನ ಖಾಲಿ.

ಶನಿವಾರ ಬೆಳಗ್ಗೆ ಲೈನ್ ಬಜಾರ್. ಪೇಡೆ ಅಂಗಡಿ ಮುಂದೆ ಊರಿನವರ ಸಾಲು ಇತ್ತು, ನಾವೂ ನಿಂತೆವು. ಉತ್ತರ ಪ್ರದೇಶದ ಉನ್ನಾವ್ ಕಡೆಯಿಂದ ಬಂದ ಠಾಕೂರ್ ಮನೆತನ ಇಲ್ಲಿ ಶುರು ಮಾಡಿದ ಸಿಹಿ ಇದು. ಈಗ ಭೌಗೋಳಿಕ ಗುರುತಿನ (ಜಿಐ ಟ್ಯಾಗ್) ಮಾನ್ಯತೆಯೂ ಸಿಕ್ಕಿದೆ. ಸಾಲಿನಲ್ಲಿ ನಿಲ್ಲುವುದು ತೊಂದರೆ ಅಂತ ನನಗೆ ಅನಿಸಲಿಲ್ಲ. ಹಿಂದೆ ನಿಂತ ಅಕ್ಕ ಒಬ್ಬರು ಮಗಳ ಮದುವೆಯ ಸುದ್ದಿ ಹೇಳಿ, ಊಟಕ್ಕೆ ಯಾವ ಖಾನಾವಳಿಗೆ ಹೋಗಬೇಕು ಅಂತಲೂ ಹೇಳಿಕೊಟ್ಟರು. ನೆಟ್‌ನಲ್ಲಿ ನಾನು ಗುರುತು ಹಾಕಿಕೊಂಡಿದ್ದ ಹೋಟೆಲ್ ಬಿಟ್ಟು ಅವರು ಹೇಳಿದ ಕಡೆಗೇ ಹೋದೆವು.

ಸುಭಾಸ ರಸ್ತೆಯಲ್ಲಿ ಸುಮ್ನೆ ನಡೆದೆವು. 1933ರಲ್ಲಿ ಜಿ.ಬಿ. ಜೋಶಿಯವರು ಹುಟ್ಟುಹಾಕಿದ ಪುಸ್ತಕ ಪ್ರಕಾಶನ ಮನೋಹರ ಗ್ರಂಥಮಾಲೆ ಇಲ್ಲೇ ಇದೆ. ಮಾಳಿಗೆ ಮೇಲಿನ ಅದರ ಕೋಣೆಗೆ ಎಲ್ಲರೂ 'ಅಟ್ಟ' ಅಂತಲೇ ಅನ್ನುವುದು. ಬೇಂದ್ರೆ, ಕುರ್ತಕೋಟಿ, ಗಿರೀಶ ಕಾರ್ನಾಡ ಹತ್ತಿಳಿದ ಅಟ್ಟ ಅದು. ಇದೇ ಊರಲ್ಲೇ 1890ರಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಶುರುವಾಗಿದ್ದು. ಆಗ ಧಾರವಾಡ ಮುಂಬೈ ಪ್ರಾಂತ್ಯದಲ್ಲಿತ್ತು, ಮರಾಠಿಯದೇ ಜೋರು. ಇಲ್ಲಿಯವರು ಕನ್ನಡವನ್ನು ಹಟ ಹಿಡಿದು ಉಳಿಸಿಕೊಂಡರು. ಬೆಂಗಳೂರಿನಲ್ಲಿ ಕೂತು ಇದನ್ನೆಲ್ಲ ಪಾಠದಲ್ಲಿ ಓದಿದ್ದೆ. ಆ ಬೀದಿಯಲ್ಲಿ ಕಾಲಿಟ್ಟಾಗ ನಿಜವಾಗಿ ಮನಸ್ಸು ತುಂಬಿ ಬಂತು.

ಖಾನಾವಳಿ ಊಟದ ಬಗ್ಗೆ ಎಷ್ಟು ಹೇಳಿದರೂ ಕಡಿಮೆಯೇ. ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಹೆಸರುಕಾಳು ಪಲ್ಯ, ಶೇಂಗಾ ಚಟ್ನಿಪುಡಿ, ಮೇಲೆ ಗಟ್ಟಿ ಮೊಸರು. ಪಕ್ಕದಲ್ಲಿ ಹಸಿ ಉಳ್ಳಾಗಡ್ಡಿ, ಮೆಂತ್ಯ ಸೊಪ್ಪು. ತಿಂದು ಬಂದು ಮಲಗಿದೆವು. ಹೊರಗೆ ಜಿಟಿಜಿಟಿ ಮಳೆ. ಎದ್ದಾಗ ನಾಲ್ಕು ಗಂಟೆ. ಮೈಸೂರಿನ ಪಟ್ಟಿಯಲ್ಲಿ ಇದಕ್ಕೆ ಜಾಗವೇ ಇರಲಿಲ್ಲ.

ಸಂಜೆ ಇವರ ಆಸೆಯ ಸರದಿ. ಮನಸೂರರ ಮನೆಯ ಹೆಸರು 'ಮೃತ್ಯುಂಜಯ'. ಈಗ ಅದು ಸ್ಮಾರಕ. ಇಂಥ ಮನೆಗಳು ತೆರೆದಿರುವ ಹೊತ್ತನ್ನು ಹಿಂದಿನ ದಿನವೇ ಕೇಳಿಟ್ಟುಕೊಳ್ಳಬೇಕು, ನಾವು ಕೇಳಿಕೊಂಡಿದ್ದೆವು. ಇವರು ಒಳಗೆ ಹೋದವರು ಒಂದು ಮೂಲೆಯಲ್ಲಿ ತುಂಬ ಹೊತ್ತು ನಿಂತೇ ಇದ್ದರು. ನಾನು ಏನೂ ಮಾತಾಡಿಸಲಿಲ್ಲ. ಹೊರಗೆ ಬಂದ ಮೇಲೆ ತಾವಾಗೇ ಹೇಳಿದರು. ಕಾಲೇಜಿನ ಎರಡನೇ ವರ್ಷ ಅವರ ಅಪ್ಪ ತೀರಿಕೊಂಡಾಗ ಹಾಸ್ಟೆಲ್ ರೂಮಿನ ಗೆಳೆಯನ ಹತ್ತಿರ ಒಂದು ಕ್ಯಾಸೆಟ್ ಇತ್ತಂತೆ. ಆ ವರ್ಷವೆಲ್ಲ ಅದೊಂದನ್ನೇ ಕೇಳಿದರಂತೆ. ಮದುವೆಯಾಗಿ 12 ವರ್ಷವಾಗಿದೆ. ಈ ಮಾತು ನಾನು ಕೇಳಿದ್ದು ಅವತ್ತೇ.

ಅಲ್ಲಿಂದ ಸಾಧನಕೇರಿಗೆ ಹೋದೆವು. ಬೇಂದ್ರೆಯವರ ಮನೆ, ಪಕ್ಕದಲ್ಲೇ ಬೇಂದ್ರೆ ಭವನ, ಎದುರಿಗೆ ಕೆರೆ. ಭವನವನ್ನು ಬೇಗ ನೋಡಿ ಕೆರೆಯ ಹತ್ತಿರ ಕೂತೆವು. ಮಳೆ ನಿಂತಿತ್ತು. ಮಾತು ಜಾಸ್ತಿ ಏನೂ ಇಲ್ಲ. ಕತ್ತಲಾಗುವ ತನಕ ಕೂತು, ಆಮೇಲೆ ಗಾಡಿಯಲ್ಲಿ ಮಂಡಕ್ಕಿಯ ಗಿರ್ಮಿಟ್, ಮಿರ್ಚಿ ತಿಂದೆವು.

ಭಾನುವಾರ ಬೆಳಗ್ಗೆ ಬೇಗ ಎದ್ದು ಕರ್ನಾಟಕ ಕಾಲೇಜಿನ ಕಡೆ ವಾಕಿಂಗ್. 1917ರಲ್ಲಿ ಶುರುವಾದ ಕಾಲೇಜು. ಆ ದೊಡ್ಡ ಹಳೇ ಕಟ್ಟಡ ಮೊದಲು ಸದರ್ನ್ ಮರಾಠಾ ರೈಲ್ವೆಯವರ ಕಚೇರಿಯಾಗಿತ್ತು. ಊರಿನ ಹಿರಿಯರು ಛತ್ರಿ ಹಿಡಿದು ನಡೆಯುತ್ತಿದ್ದರು. ಗುರುತಿಲ್ಲದ ನಮಗೂ "ನಮಸ್ಕಾರ್ರೀ" ಅಂದರು.

ಆಮೇಲೆ ಕಸೂತಿ. ಇದಕ್ಕೆ ನಾನು ಅಂಗಡಿ ಹುಡುಕಲಿಲ್ಲ. ಅಂಗಡಿಯಲ್ಲಿ ಮುಗಿದ ಸೀರೆ ಸಿಗುತ್ತೆ, ಹೊಲಿಯುವ ಕೈ ನೋಡೋಕೆ ಸಿಗಲ್ಲ. ಆಫೀಸಿನ ಗೆಳತಿಯೊಬ್ಬಳ ದೊಡ್ಡಮ್ಮ ಧಾರವಾಡದಲ್ಲೇ ಇದ್ದಾರೆ, ನಲವತ್ತು ವರ್ಷದಿಂದ ಕಸೂತಿ ಹಾಕುತ್ತಾರೆ. ತಿಂಗಳ ಮುಂಚೆಯೇ ಫೋನ್ ಮಾಡಿ ಕೇಳಿದ್ದೆ. "ಬರ್ರೀ, ಅದಕ್ಕೇನ ಕೇಳೂದು" ಅಂದಿದ್ದರು. ಹೀಗೆ ಮನೆಗೆ ಹೋಗುವಾಗ ಅವರ ಅನುಕೂಲದ ಹೊತ್ತಿಗೆ ಹೋಗಬೇಕು, ಬರಿಗೈಲಿ ಹೋಗಬಾರದು. ನಾನು ಹೂವು, ಹಣ್ಣು ತಗೊಂಡು ಹೋಗಿದ್ದೆ.

ಕಿಟಕಿ ಪಕ್ಕ ಚಾಪೆ ಹಾಸಿ ಕೂರಿಸಿದರು. ಬಟ್ಟೆಯ ಮೇಲೆ ಪೆನ್ಸಿಲ್ ಗೆರೆ ಇಲ್ಲ, ಅಚ್ಚು ಇಲ್ಲ. ಬಟ್ಟೆಯ ಎಳೆ ಎಣಿಸುತ್ತಾ ಸೂಜಿ ಚುಚ್ಚುವುದು. ಗವಂತಿ ಹೊಲಿಗೆಯಲ್ಲಿ ಹೋಗುವಾಗ ಒಂದು ಹೊಲಿಗೆ, ಒಂದು ಖಾಲಿ. ಅದೇ ದಾರಿಯಲ್ಲಿ ವಾಪಸ್ ಬರುತ್ತಾ ಖಾಲಿ ಬಿಟ್ಟದ್ದನ್ನೆಲ್ಲ ತುಂಬುವುದು. ಮುರ್ಗಿ ಅಂದರೆ ಮೆಟ್ಟಿಲು ಮೆಟ್ಟಿಲಾಗಿ ಹೋಗುವ ಹೊಲಿಗೆ. ನೇಯ್ಗಿ ಅನ್ನೋದು ನೇಯ್ದ ಹಾಗೇ ಕಾಣುತ್ತೆ, ಮೆಂತಿ ಅಂದರೆ ಒಂದರ ಮೇಲೊಂದು ಅಡ್ಡ ಹಾಕುವ ಕ್ರಾಸ್ ಹೊಲಿಗೆ. ದೊಡ್ಡಮ್ಮ ಗವಂತಿಯ ಗೋಪುರ ಒಂದನ್ನು ಮುಗಿಸಿ ಬಟ್ಟೆ ತಿರುಗಿಸಿ ತೋರಿಸಿದರು. ಹಿಂದೆಯೂ ಅದೇ ಗೋಪುರ! ಮುಂದೆ ಯಾವುದು, ಹಿಂದೆ ಯಾವುದು ನನಗೆ ಗೊತ್ತಾಗಲಿಲ್ಲ.

"ಗಂಟ ಹಾಕಂಗಿಲ್ಲವಾ. ಒಂದ್ ಎಳಿ ತಪ್ಪಿದ್ರ ಬಿಚ್ಚೂದ" ಅಂದರು.

ನಾನು ಅಜ್ಜಿಯ ಸೀರೆ ತಂದಿದ್ದೆ. ಅವರು ಕನ್ನಡಕ ಸರಿ ಮಾಡಿಕೊಂಡು ಸೆರಗಿನ ಮೇಲೆ ಬೆರಳಾಡಿಸಿ, ಆನೆಯ ಹತ್ತಿರ ನಿಲ್ಲಿಸಿದರು. "ಇದನ್ನ ಎರಡ್ ಮಂದಿ ಹಾಕ್ಯಾರ. ಗೋಪುರ ಒಬ್ಬರದು, ಆನಿ ಇನ್ನೊಬ್ಬರದು. ಕೈ ಬ್ಯಾರೆ ಐತಿ ನೋಡ." ಅಜ್ಜಿಗೆ ಒಬ್ಬ ತಂಗಿ ಇದ್ದರು, ಚಿಕ್ಕ ವಯಸ್ಸಿಗೇ ಹೋದರು ಅಂತ ಅಮ್ಮ ಹೇಳಿದ್ದು ನೆನಪಾಯಿತು. ನನಗೆ ಕಣ್ಣಲ್ಲಿ ನೀರು ಬಂತು. ಇವರು ಮೆಲ್ಲಗೆ ನನ್ನ ಕೈ ಮೇಲೆ ಕೈ ಇಟ್ಟರು.

ಚಹಾ, ಒಗ್ಗರಣೆ ಅವಲಕ್ಕಿ ಆಗದೆ ಬಿಡಲಿಲ್ಲ. ಹೊರಡುವಾಗ ಅಂಗೈಯಗಲದ ಬಟ್ಟೆ, ಸೂಜಿ, ಕೆಂಪು ದಾರ ಕೊಟ್ಟರು.

ಸಂಜೆಗೆ ಚಿಗರಿ ಬಸ್ ಹತ್ತಿದೆವು, ತನ್ನದೇ ದಾರಿಯಲ್ಲಿ ಓಡುವ ಬಿಆರ್‌ಟಿಎಸ್ ಬಸ್. ಹುಬ್ಬಳ್ಳಿ-ಧಾರವಾಡ ಅವಳಿ ನಗರದ ನಡುವಿನ ಸುಮಾರು 20 ಕಿಲೋಮೀಟರ್ ದಾರಿಗೆ ಅದಕ್ಕಿಂತ ಸುಲಭದ್ದು ಇಲ್ಲ. ಉಣಕಲ್‌ನಲ್ಲಿ ಇಳಿದರೆ ಮನೆಗಳ ಮಧ್ಯೆ ಚಂದ್ರಮೌಳೇಶ್ವರ ಗುಡಿ, ಕಲ್ಯಾಣ ಚಾಲುಕ್ಯರ ಕಾಲದ್ದು. ಒಳಗೆ ನಾಲ್ಕು ಮುಖದ ಲಿಂಗ. ಗುಡಿಯ ಗೋಡೆಗೆ ಒರಗಿ ಕೂತ ಮಕ್ಕಳು ಗೋಲಿ ಎಣಿಸುತ್ತಿದ್ದರು. ಅರ್ಧ ಗಂಟೆ ಇದ್ದು ವಾಪಸ್ ಬಂದೆವು.

ಸ್ಟೇಷನ್ನಿಗೆ ಕರೆದುಕೊಂಡು ಹೋದ ಆಟೋದವರು ಬೇರೆಯವರು. ಅವರೂ ಕೇಳಿದರು, "ಏನೇನ್ ನೋಡಿದ್ರೀ?" ಈ ಸಲ ಇವರೇ ಹೇಳಿದರು. ಒಂದೊಂದಾಗಿ, ಸ್ಟೇಷನ್ ಬರುವ ತನಕ.

ರೈಲಿನಲ್ಲಿ ದೀಪ ಆರಿಸಿದ ಮೇಲೆ ನನಗೆ ನಿದ್ದೆ ಬರಲಿಲ್ಲ. ಬಟ್ಟೆ ತೆಗೆದೆ. ಇವರು ಎದ್ದು ಕೂತು ಮೊಬೈಲಿನ ಬೆಳಕು ಹಿಡಿದರು, ನಾನು ಪಿಸುಮಾತಿನಲ್ಲಿ ಎಳೆ ಎಣಿಸಿದೆ. ದಾವಣಗೆರೆ ಹತ್ತಿರ ಬರುವಾಗ ಗೋಪುರದ ಮೊದಲ ಮೆಟ್ಟಿಲು ಮೂಡಿತ್ತು. ಇವರು ಬಗ್ಗಿ ನೋಡಿ, "ಇಲ್ಲಿ ನಾಲ್ಕಕ್ಕೆ ಐದಾಗಿದೆ ಕಣೇ" ಅಂದರು. ಹೌದು, ಒಂದು ಎಳೆ ಹೆಚ್ಚಾಗಿತ್ತು. ಬಿಚ್ಚಿದೆ.