ತಳ ಹಿಡಿದರೆ ಸೌಟು ಆಡಿಸಬೇಡಿ

ಹಬ್ಬಕ್ಕೆಂದು ದೊಡ್ಡ ಪಾತ್ರೆಯಲ್ಲಿ ಮಾಡಿದ ಅಡುಗೆ ತಳ ಹಿಡಿದರೆ ತಕ್ಷಣ ಒಲೆ ಆರಿಸಿ, ಸೌಟು ಆಡಿಸದೆ ಮೇಲಿನದನ್ನಷ್ಟೇ ಬೇರೆ ಪಾತ್ರೆಗೆ ಬಗ್ಗಿಸಿಕೊಳ್ಳಿ. ಗಾಬರಿಯಲ್ಲಿ ನಾವು ಮೊದಲು ಮಾಡುವುದೇ ತಳ ಕೆರೆಯುವುದು, ಅಲ್ವಾ? ಸೀದ ಕಹಿ ಜಾಸ್ತಿ ಇರುವುದು ತಳಕ್ಕೆ ಅಂಟಿದ ಪದರದಲ್ಲಿ. ಕೆರೆದರೆ ಆ ಕಪ್ಪು ಚೂರುಗಳು ಇಡೀ ಅಡುಗೆಗೆ ಬೆರೆಯುತ್ತವೆ. ಒಲೆ ಆರಿಸಿದ ಮೇಲೂ ದಪ್ಪ ತಳ ಕಾದೇ ಇರುತ್ತದೆ, ಹಾಗಾಗಿ ತಡ ಮಾಡಬೇಡಿ. ತಳದಲ್ಲಿ ಎರಡು ಬೆರಳಿನಷ್ಟು ಹಾಗೇ ಬಿಟ್ಟುಬಿಡಿ, ಆಸೆ ಪಡಬೇಡಿ. ಬಗ್ಗಿಸಿದ್ದನ್ನು ಒಂದು ಚಮಚ ರುಚಿ ನೋಡಿ, ಆಮೇಲೆ ಸಣ್ಣ ಉರಿಯಲ್ಲಿ ಮುಂದುವರಿಸಿ. ಹಾಲಿನ ಅಡುಗೆಗೆ ಮಾತ್ರ ಇದು ಅಷ್ಟಾಗಿ ನಡೆಯುವುದಿಲ್ಲ. ಹಾಲಿಗೆ ಸೀದ ವಾಸನೆ ಬೇಗ ಹತ್ತುತ್ತದೆ. ಮೇಲಿನ ಚಮಚದಲ್ಲೇ ಹೊಗೆ ರುಚಿ ಬಂದಿದ್ದರೆ ಸಕ್ಕರೆ, ಮಸಾಲೆ ಏನು ಸುರಿದರೂ ಹೋಗುವುದಿಲ್ಲ.